ಬರ್ತೀನಿ ಅಂದವಳ ಸಾಲು

ನಮ್ಮ ಕಂಪನಿಯ ಮೂಲ ಸಾಫ್ಟ್‌ವೇರ್ ಬರೆದವರಿಗೆ ಕನ್ನಡ ಬರುತ್ತಿರಲಿಲ್ಲ. ಅದೇನು ದೊಡ್ಡ ಅಪರಾಧವಲ್ಲ ಬಿಡಿ, ನನಗೂ ಅವರ ಭಾಷೆ ಅಷ್ಟಕ್ಕಷ್ಟೆ. ಆದರೆ ಬಾರದ ಭಾಷೆಯಲ್ಲಿ ಯಾರು ಏನು ಹೇಳಿದರೂ ತಮಗೆ ಅರ್ಥವಾಗಿಬಿಡುತ್ತದೆ ಎಂಬ ಧೈರ್ಯ ಅವರಿಗೆ ಧಾರಾಳವಾಗಿತ್ತು. ಆ ಧೈರ್ಯದ ದೆಸೆಯಿಂದ ಮೈಸೂರಿನ ವಿದ್ಯಾರಣ್ಯಪುರದ ಒಂದು ಮನೆಯಲ್ಲಿ, ತೀರಿಹೋಗಿ ವರ್ಷ ಕಳೆದ ಹುಡುಗಿಯೊಬ್ಬಳು ಪ್ರತಿದಿನ ಸಂಜೆ ಇನ್ನೇನು ಬಂದೇಬಿಡುವವಳಿದ್ದಳು.

ಮೆದುಳಿನಲ್ಲಿ ‘ಮುಂದೇನು’ ಅನ್ನುವುದಕ್ಕೇ ಒಂದು ಜಾಗ ಇದೆ ಅಂದುಕೊಳ್ಳಿ. ಪಾರ್ಶ್ವವಾಯುವಿನಿಂದಲೋ ಮೆದುಳು ಜ್ವರದಿಂದಲೋ ಅದು ಕೆಟ್ಟರೆ ನೆನಪು ಹೋಗುವುದಿಲ್ಲ, ಬುದ್ಧಿ ಹೋಗುವುದಿಲ್ಲ, ಮಾತೂ ಹೋಗುವುದಿಲ್ಲ. ಶುರುಮಾಡುವುದೊಂದು ಹೋಗುತ್ತದೆ. ಬ್ರಷ್ಷಿಗೆ ಪೇಸ್ಟು ಹಾಕಿಕೊಂಡವರು ಹಾಗೇ ನಿಂತುಬಿಡುತ್ತಾರೆ. ಹಲ್ಲುಜ್ಜಬೇಕು ಅಂತ ಗೊತ್ತು, ಕೈಗೆ ಅಪ್ಪಣೆ ಕೊಡುವವರಿಲ್ಲ. ಕೇಳಿದರೆ ಉತ್ತರ ಕೊಡುತ್ತಾರೆ, ತಾವಾಗಿ ಬಾಯಿ ತೆರೆಯುವುದಿಲ್ಲ. ಮೊದಮೊದಲು ಮನೆಯವರು ಸೋಮಾರಿತನ ಅಂತ ಬೈಯುತ್ತಾರೆ, ಆಮೇಲೆ ಆಸ್ಪತ್ರೆಗೆ ಕರೆತರುತ್ತಾರೆ.

ಇಂಥವರಿಗಾಗಿ ನಮ್ಮ ಯಂತ್ರ. ಕಿವಿಯ ಹಿಂದೆ ಚರ್ಮದೊಳಗೆ ಒಂದು ಬಿಲ್ಲೆ, ಮೂಗಿನ ಮೇಲೆ ಒಂದು ಕನ್ನಡಕ. ಕನ್ನಡಕದ ಗಾಜಿನ ಮೂಲೆಯಲ್ಲಿ ಒಂದು ಪಟ್ಟಿ ಮೂಡುತ್ತದೆ: ಸ್ನಾನ ಮಾಡು, ಕಾಫಿ ಕಾಯಿಸು, ಬಟ್ಟೆ ಒಣಹಾಕು. ಒಂದು ಸಾಲಿನ ಮೇಲೆ ಕಣ್ಣು ನಿಂತರೆ ಬಿಲ್ಲೆ ಮೆದುಳನ್ನು ಒಂದು ಸಣ್ಣ ತಳ್ಳು ತಳ್ಳುತ್ತದೆ, ಅಷ್ಟೇ. ಮಿಕ್ಕಿದ್ದನ್ನು ಮನುಷ್ಯರೇ ಮಾಡುತ್ತಾರೆ. ಹಿಂದೆ ವೆಬ್‌ಸೈಟುಗಳ ನೆತ್ತಿಯ ಮೇಲೆ ‘ಮುಖಪುಟ, ನಮ್ಮ ಬಗ್ಗೆ, ಸಂಪರ್ಕಿಸಿ’ ಅಂತ ಒಂದು ಮೆನು ಇರುತ್ತಿತ್ತಲ್ಲ, ಅದರದೇ ವಂಶ ಇದು. ನಾನು ಓದುವ ಕಾಲಕ್ಕೆ ಕಲ್ಯಾಣ ಮಂಟಪಗಳಿಗೆ, ಟ್ಯುಟೋರಿಯಲ್‌ಗಳಿಗೆ ವೆಬ್‌ಸೈಟ್ ಮಾಡಿಕೊಟ್ಟು ಅಂಥ ಮೆನುಗಳನ್ನು ತಿದ್ದುತ್ತಿದ್ದೆ. ಈಗ ಜನರ ದಿನಗಳನ್ನು ತಿದ್ದುತ್ತೇನೆ. ಕೋಡು ಹೆಚ್ಚುಕಡಿಮೆ ಅದೇ.

ಎಲ್ಲರಿಗೂ ಮೂಲ ಸಾಫ್ಟ್‌ವೇರ್ ಒಂದೇ. ಅದನ್ನು ಮುಟ್ಟಲು ನಮಗೆ ಅಧಿಕಾರವಿಲ್ಲ. ಆದರೆ ಅಲ್ಲಲ್ಲಿ ಹುಕ್ಕುಗಳನ್ನು ಬಿಟ್ಟಿರುತ್ತಾರೆ. ಬಾಡಿಗೆ ಮನೆಯ ಗೋಡೆಗೆ ಓನರೇ ಹೊಡೆಸಿಟ್ಟ ಮೊಳೆ ಇದ್ದ ಹಾಗೆ; ನಿಮ್ಮ ಅಂಗಿ ತಗುಲಿಹಾಕಿಕೊಳ್ಳಬಹುದು, ಹೊಸ ಮೊಳೆ ಹೊಡೆಯುವಂತಿಲ್ಲ. ಆ ಹುಕ್ಕುಗಳಿಗೆ ನಾವು ತಗುಲಿಸುವ ಸಣ್ಣ ಕೋಡಿಗೆ ಫಿಲ್ಟರ್ ಅಂತ ಹೆಸರು, ನಮ್ಮ ಆಫೀಸಿನಲ್ಲಿ ಜರಡಿ ಅನ್ನುತ್ತೇವೆ. ಪಟ್ಟಿ ಕಣ್ಣಿಗೆ ಕಾಣುವ ಮುಂಚೆ ಪೂರ್ತಿಯಾಗಿ ಜರಡಿಯ ಕೈಗೆ ಬರುತ್ತದೆ. ಬೇಡದ ಸಾಲನ್ನು ಅದು ತೆಗೆಯಬಹುದು, ಬೇಕಾದ್ದನ್ನು ಸೇರಿಸಬಹುದು, ಮೇಲಿನದನ್ನು ಕೆಳಗೆ ಮಾಡಬಹುದು, ಆಮೇಲೆ ಪಟ್ಟಿಯನ್ನು ವಾಪಸ್ಸು ಕೊಡಬೇಕು. ವಾಪಸ್ಸು ಕೊಡುವ ಆ ಒಂದು ಸಾಲು ಬರೆಯಲು ಮರೆತರೆ ಪಟ್ಟಿಯೇ ಮಾಯ. ಹೊಸದಾಗಿ ಸೇರಿದವನೊಬ್ಬ ಹಾಗೆ ಮರೆತ ದಿನ ಟಿ. ನರಸೀಪುರದ ಮೇಷ್ಟ್ರೊಬ್ಬರು ಬಾಯಿಗಿಟ್ಟ ಇಡ್ಲಿಯನ್ನು ಅಗಿಯದೆ ಮಧ್ಯಾಹ್ನದವರೆಗೂ ಕೂತಿದ್ದರು.

ವಿದ್ಯಾರಣ್ಯಪುರದ ಆ ಮನೆಯ ಸರ್ವಮಂಗಳಾ ಅವರ ಪಟ್ಟಿಗೆ ಜರಡಿ ಬರೆಯುತ್ತಿದ್ದವಳು ನಾನು. ಮೆದುಳು ಜ್ವರ ಬರುವ ಮುಂಚೆ ಆ ಬೀದಿಯ ಹೆಂಗಸರಿಗೆಲ್ಲ ರವಿಕೆ ಹೊಲಿದುಕೊಡುತ್ತಿದ್ದ ಹೆಂಗಸು. ಗಂಡ ಮಹದೇವಸ್ವಾಮಿ ಊದಿನಕಡ್ಡಿ ಕಾರ್ಖಾನೆಯಲ್ಲಿ ಸೂಪರ್‌ವೈಸರ್; ಮನುಷ್ಯ ಮನೆಯೊಳಗೆ ಬರುವ ಮೊದಲೇ ಗಂಧದ ವಾಸನೆ ಬರುತ್ತಿತ್ತು. ಮಗಳು ದಾಕ್ಷಾಯಣಿ ನರ್ಸಿಂಗ್ ಓದುತ್ತಿದ್ದಳು. ನಾನು ಹೋದಾಗಲೆಲ್ಲ ಪಕ್ಕ ಕೂತು ತರಲೆ ಮಾಡುತ್ತಿದ್ದವಳು ಅವಳೇ. “ಇಂದ್ರಾಣಿ ಅಕ್ಕ, ‘ಮಗಳಿಗೆ ಬೈಯಿ’ ಅಂತ ಒಂದು ಸಾಲು ಹಾಕ್ಬಿಡಿ. ನಮ್ಮಮ್ಮ ಬೈದು ಎಷ್ಟು ದಿನ ಆಯ್ತು ಗೊತ್ತಾ?” ಅಂತ ನಗುತ್ತಿದ್ದಳು. ಸೋಮವಾರ ಬಂದರೆ ಕಾಫಿಗಿಂತ ಮೇಲೆ ಪೂಜೆ ಬರಬೇಕು ಎಂಬ ಜರಡಿಯನ್ನು ನನ್ನ ಕೈಯಲ್ಲಿ ಬರೆಸಿದವಳೂ ಅವಳೇ.

ಯಂತ್ರ ಮನೆಯ ಮಾತುಗಳನ್ನೂ ಕೇಳಿಸಿಕೊಳ್ಳುತ್ತದೆ. ನಾಳೆ ಗ್ಯಾಸಿನವನು ಬರುತ್ತಾನೆ ಅಂತ ಯಾರಾದರೂ ಅಂದರೆ ‘ಗ್ಯಾಸಿನವರು ಬರ್ತಾರೆ, ಬಾಗಿಲು ತೆಗೆ’ ಅಂತ ಒಂದು ಸಾಲು ತಾನಾಗಿ ಸೇರುತ್ತದೆ. ಅವನು ಬಂದುಹೋದ ಮೇಲೆ ಆ ಸಾಲು ತಾನಾಗಿ ಅಳಿಯುತ್ತದೆ. ಈಗ ನೀವೇ ಹೇಳಿ, ನಮ್ಮಲ್ಲಿ ಹೊಸಿಲು ದಾಟುವಾಗ ಯಾರು ‘ಹೋಗುತ್ತೇನೆ’ ಅನ್ನುತ್ತಾರೆ? ಹಾಗಂದರೆ ದೊಡ್ಡವರು ತಲೆಯ ಮೇಲೆ ಮೊಟಕುತ್ತಾರೆ. ಹೋಗುವವರೆಲ್ಲ ‘ಬರ್ತೀನಿ’ ಅಂತಲೇ ಹೋಗುವುದು. ಮೂಲ ಸಾಫ್ಟ್‌ವೇರಿಗೆ ಅದು ವಿದಾಯ ಅಂತ ಗೊತ್ತಾಗಲಿಲ್ಲ, ಕೊಟ್ಟ ಮಾತು ಅಂತ ಬರೆದುಕೊಂಡಿತು. ದಿನಾ ಕಾಲೇಜಿಗೆ ಹೊರಟ ಹುಡುಗಿ “ಅಮ್ಮಾ, ಬರ್ತೀನಿ” ಅನ್ನುವುದು, ‘ದಾಕ್ಷಾಯಣಿ ಬರ್ತಾಳೆ, ಬಾಗಿಲು ತೆಗೆ’ ಅಂತ ಸಾಲು ಮೂಡುವುದು, ಸಂಜೆ ಅವಳು ಬಂದ ಮೇಲೆ ಅಳಿಯುವುದು, ಹೀಗೆ ನಡೆದುಕೊಂಡು ಹೋಗುತ್ತಿತ್ತು. ಯಾರಿಗೂ ಏನೂ ತೊಂದರೆ ಇರಲಿಲ್ಲ.

ಒಂದು ದಿನ ರಿಂಗ್ ರೋಡಿನಲ್ಲಿ ಅವಳ ಸ್ಕೂಟಿಗೆ ಲಾರಿ ಗುದ್ದಿತು. ಬೆಳಿಗ್ಗೆ ಮೂಡಿದ ಸಾಲು ಸಂಜೆ ಅಳಿಯಲಿಲ್ಲ. ಮಾರನೆಯ ದಿನವೂ ಅಳಿಯಲಿಲ್ಲ. ಆ ಮನೆಯಲ್ಲಿ ಆಗ ಮೆನುವನ್ನು ನೋಡುವ ಸ್ಥಿತಿ ಯಾರಿಗಿತ್ತು? ನಾನೂ ನೋಡಿದೆ, ಈಗ ಬೇಡ ಅಂತ ಸುಮ್ಮನಾದೆ.

ವರ್ಷದ ಮೇಲೆ ಆಫೀಸಿನಿಂದ ಆದೇಶ ಬಂತು. ಬೇರೆ ಯಾವುದೋ ಊರಿನಲ್ಲಿ ಮುದುಕರೊಬ್ಬರು, ಸತ್ತ ಹೆಂಡತಿ ಬರುತ್ತಾಳೆ ಅಂತ ಪಟ್ಟಿ ಹೇಳಿದ್ದಕ್ಕೆ ಬಸ್ ಸ್ಟ್ಯಾಂಡಿನ ಬಿಸಿಲಲ್ಲಿ ನಿಂತು ನಿಂತು ಕುಸಿದರಂತೆ. ಇನ್ನು ಮೇಲೆ ಯಾರ ಪಟ್ಟಿಯಲ್ಲೂ ತೀರಿಕೊಂಡವರ ಹೆಸರು ಇರಬಾರದು. ಬರುವ ಸೋಮವಾರ ಕಂಪನಿಯೇ ಒಂದು ದೊಡ್ಡ ಜರಡಿ ಕಳಿಸುತ್ತದೆ. ಅದು ಪ್ರತಿ ಹೆಸರನ್ನೂ ಸರ್ಕಾರದ ಮರಣ ನೋಂದಣಿಯ ಜೊತೆ ತಾಳೆ ನೋಡಿ, ಸಿಕ್ಕಿದ್ದನ್ನು ತೆಗೆಯುತ್ತದೆ. ನಮ್ಮ ಜರಡಿಗಳೆಲ್ಲ ಓಡಿದ ಮೇಲೆ, ಕಟ್ಟಕಡೆಗೆ ಅದು ಓಡುವುದರಿಂದ, ನಾವು ವಾಪಸ್ಸು ಸೇರಿಸಿದರೂ ಉಳಿಯುವುದಿಲ್ಲ.

ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದ ನಮ್ಮ ಕಂಟ್ರೋಲ್ ರೂಮಿನಲ್ಲಿ ಮ್ಯಾನೇಜರ್ ಗುರುಪ್ರಸಾದ್ ನನ್ನ ಟೇಬಲ್ಲಿಗೆ ಒರಗಿ ನಿಂತರು. “ಸೋಮವಾರ ಆ ಸಾಲು ತಾನಾಗೇ ಹೋಗುತ್ತೆ ಇಂದ್ರಾಣಿ. ಆದ್ರೆ ಇದ್ದಕ್ಕಿದ್ದಂಗೆ ಹೋದ್ರೆ ಮನೆಯವರು ಗಾಬರಿ ಆಗ್ತಾರೆ. ನೀವೇ ಮೊದ್ಲು ಹೋಗಿ, ನಾಲ್ಕು ಮಾತಾಡಿ ನಿಧಾನಕ್ಕೆ ತೆಗೆದು ಬನ್ನಿ.” ಒಳ್ಳೆಯ ಕೆಲಸಗಳನ್ನೆಲ್ಲ ತಾವು ಮಾಡಿ, ಇಂಥದ್ದನ್ನು ನನಗೆ ಒಪ್ಪಿಸುವುದರಲ್ಲಿ ಅವರದು ಎತ್ತಿದ ಕೈ.

ಮಹದೇವಸ್ವಾಮಿ ರಜೆ ಹಾಕಿ ಮನೆಯಲ್ಲೇ ಇದ್ದರು. ನಾನು ಬಂದ ಕಾರಣ ಹೇಳಿ ಮುಗಿಸುವ ಮುಂಚೆಯೇ, “ತೆಗ್ದುಬಿಡಿ ಮೇಡಂ. ಪುಣ್ಯ ಬರುತ್ತೆ” ಅಂದರು. “ದಿನಾ ಸಾಯಂಕಾಲ ಬಾಗ್ಲು ತೆಗೆದು ನಿಂತ್ಕೋತಾಳೆ. ನಾನು ಕೆಲಸ ಮುಗಿಸಿ ಬಂದ್ರೆ ನನ್ನ ದಾಟಿ ಹಿಂದುಗಡೆ ನೋಡ್ತಾಳೆ. ಒಂದು ವರ್ಷದಿಂದ ನೋಡ್ತಾ ಇದೀನಿ. ಇನ್ನಾಗಲ್ಲ ನನ್ ಕೈಲಿ.”

ಸರ್ವಮಂಗಳಾ ನಡುಮನೆಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ನಮ್ಮ ಮಾತು ಅವರಿಗೆ ಸ್ಪಷ್ಟವಾಗಿ ಕೇಳುತ್ತಿತ್ತು. ತಾವಾಗಿ ಮಾತಾಡಲು ಬಾರದವರನ್ನು ಯಾರೂ ಏನೂ ಕೇಳುವುದಿಲ್ಲ, ಇದು ನಾನು ಹೋದ ಮನೆಗಳಲ್ಲೆಲ್ಲ ಕಂಡ ಸಂಕಟ. ನಾನು ಅವರ ಎದುರು ಕೂತೆ.

“ಮಂಗಳಕ್ಕ, ಆ ಸಾಲು ತೆಗೀಲಾ?”

“ಬೇಡ.”

ಮಹದೇವಸ್ವಾಮಿ ಬೆಚ್ಚಿದರು. ಹೆಂಡತಿಯ ಬಾಯಲ್ಲಿ ‘ಹೂಂ’ ಬಿಟ್ಟು ಬೇರೆ ಮಾತು ಕೇಳಿ ಅವರಿಗೆ ಬಹಳ ದಿನವಾಗಿತ್ತೋ ಏನೋ.

“ದಾಕ್ಷಿ ಬರಲ್ಲ ಅಂತ ಗೊತ್ತಲ್ವಾ ಅಕ್ಕ?”

“ಗೊತ್ತು. ಕೊನೇ ಸಲ ಅವಳಿಗೆ ತಲೆ ಬಾಚಿದ್ದು ನಾನೇ.”

“ಮತ್ತೆ?”

“ಬರ್ತೀನಿ ಅಂತ ಹೇಳಿ ಹೋಗವಳೆ. ಬರಲ್ಲ ಅಂತ ಅವಳೇನೂ ಹೇಳಿಲ್ಲ.”

ಆದರೂ ಆದೇಶ ಆದೇಶವೇ. ಅವರಿಗೆ ಸೋಮವಾರದ ವಿಷಯ ಹೇಳಿದೆ. ಒಂದು ಸಲ ಪರೀಕ್ಷೆಗೆ ತೆಗೆದು ನೋಡುತ್ತೇನೆ, ಸರಿಹೋಗದಿದ್ದರೆ ಇವತ್ತಿಗೆ ವಾಪಸ್ಸು ಹಾಕುತ್ತೇನೆ ಅಂದೆ. ಟ್ಯಾಬ್ಲೆಟ್ಟಿನಲ್ಲಿ ಜರಡಿ ಬರೆದು ಒತ್ತಿದೆ. ದಾಕ್ಷಾಯಣಿಯ ಸಾಲು ಹೋಯಿತು. ಅದರ ಜೊತೆ ಇಡೀ ಪಟ್ಟಿಯೇ ಹೋಯಿತು.

ಅವರೆಕಾಯಿಯ ಸಿಪ್ಪೆ ಅರ್ಧ ಸೀಳಿದ್ದ ಬೆರಳು ಅಲ್ಲೇ ನಿಂತಿತು. ಕಣ್ಣು ತೆರೆದೇ ಇತ್ತು. “ಮಂಗಳಾ, ಏ ಮಂಗಳಾ” ಅಂತ ಗಂಡ ಭುಜ ಅಲುಗಿಸಿದರೆ “ಹೂಂ” ಅಂದರು, ಅಷ್ಟೇ. ವಾಪಸ್ಸು ಕೊಡುವ ಸಾಲು ಮರೆತೆನೇ ಅಂತ ಮೊದಲು ಗಾಬರಿಯಾಯಿತು. ಮರೆತಿರಲಿಲ್ಲ. ಎಲ್ಲ ಸರಿಯಾಗಿತ್ತು. ಆಗ ಪಟ್ಟಿಯ ಒಳಗನ್ನು ಬಿಚ್ಚಿ ನೋಡಿದೆ.

ಮೆನುವಿನಲ್ಲಿ ತಾಯಿ ಸಾಲು, ಮಕ್ಕಳ ಸಾಲು ಅಂತ ಇರುತ್ತವೆ. ‘ಅಡುಗೆ’ ತಾಯಿಯಾದರೆ ‘ಅಕ್ಕಿ ತೊಳಿ’, ‘ಬೇಳೆ ಇಡು’ ಅದರ ಮಕ್ಕಳು. ತಾಯಿಯನ್ನು ತೆಗೆದರೆ ಮಕ್ಕಳು ದಿಕ್ಕಿಲ್ಲದೆ ಮರೆಯಾಗುತ್ತವೆ. ಯಾವ ಸಾಲು ಯಾವುದರ ಕೆಳಗಿದ್ದರೆ ರೋಗಿ ಬೇಗ ಏಳುತ್ತಾರೆ ಅಂತ ಯಂತ್ರ ತಾನೇ ಕಲಿತು ಜಾಗ ಬದಲಿಸುತ್ತಿರುತ್ತದೆ. ಈ ಒಂದು ವರ್ಷದಲ್ಲಿ ಅದು ಸರ್ವಮಂಗಳಾ ಅವರ ಬಗ್ಗೆ ಕಲಿತದ್ದು ಒಂದೇ ವಿಷಯ. ಸ್ನಾನ, ಪೂಜೆ, ಕಾಫಿ, ಅಡುಗೆ, ಮಾತ್ರೆ ನುಂಗುವುದು, ನೀರು ಕುಡಿಯುವುದು, ಎಲ್ಲವನ್ನೂ ಅದು ಒಂದೊಂದಾಗಿ ತಂದು ‘ದಾಕ್ಷಾಯಣಿ ಬರ್ತಾಳೆ’ ಎಂಬುದರ ಕೆಳಗೆ ಇಟ್ಟಿತ್ತು. ತಾಯಿಯ ಇಡೀ ದಿನಕ್ಕೆ ಮಗಳೇ ತಾಯಿ ಸಾಲಾಗಿದ್ದಳು.

ಮಕ್ಕಳ ಸಾಲುಗಳನ್ನೆಲ್ಲ ಎತ್ತಿ ಮೇಲಕ್ಕೆ ಹಾಕಿ ನೋಡಿದೆ. ಪಟ್ಟಿ ಮೂಡಿತು. ಅವರು ಒಂದೊಂದೇ ಸಾಲನ್ನು ಓದಿದರು, ಏಳಲಿಲ್ಲ. ಏನನ್ನಿಸುತ್ತಿದೆ ಅಂತ ಕೇಳಿದೆ. “ಯಾಕೆ ಮಾಡಬೇಕು ಅಂತ ಗೊತ್ತಾಗ್ತಾ ಇಲ್ಲ” ಅಂದರು. ಕೋಪವಿಲ್ಲ, ಅಳುವಿಲ್ಲ, ಕೇಳಿದ್ದಕ್ಕೆ ಉತ್ತರ. ನಾನು ಬೇಗಬೇಗ ಎಲ್ಲವನ್ನೂ ಇದ್ದಂತೆ ಮಾಡಿದೆ. ಬೆರಳು ಅವರೆಕಾಯಿಯನ್ನು ಸೀಳಿ ಕಾಳನ್ನು ಬಟ್ಟಲಿಗೆ ಹಾಕಿತು. ಮಹದೇವಸ್ವಾಮಿ ಗೋಡೆಗೆ ಒರಗಿ ಕೂತುಬಿಟ್ಟರು.

ಕಂಟ್ರೋಲ್ ರೂಮಿಗೆ ಬಂದು ಗುರುಪ್ರಸಾದರ ಮೇಲೆ ಹರಿಹಾಯ್ದೆ. ಈ ಒಂದು ಮನೆಯನ್ನು ಬಿಟ್ಟುಬಿಡಲಿ ಅಂತ ಮೇಲಿನವರಿಗೆ ಬರೆಯಿರಿ ಅಂದೆ. ಅವರೂ ಕಲ್ಲಲ್ಲ, ಬರೆದರು. ಸಂಜೆಗೆ ಉತ್ತರ ಬಂತು: ವಿನಾಯಿತಿ ಇಲ್ಲ. ಸೋಮವಾರದ ನಂತರ ಆ ಹೆಂಗಸು ನೀರನ್ನೂ ಕುಡಿಯುವುದಿಲ್ಲ, ಮೂಗಿಗೆ ನಳಿಕೆ ಹಾಕಿ ಆಸ್ಪತ್ರೆಯಲ್ಲಿ ಮಲಗಿಸಬೇಕಾಗುತ್ತದೆ ಅಂತ ನಾನೇ ಮತ್ತೆ ಬರೆದೆ. ಅದಕ್ಕೆ ಉತ್ತರವೇ ಬರಲಿಲ್ಲ.

“ತಾಯಿ ಸಾಲು ಬದುಕಿರೋರದ್ದು ಯಾಕಾಗಬಾರದು?” ಅಂದರು ಗುರುಪ್ರಸಾದ್. “ಗಂಡ ಇದಾನಲ್ರೀ. ಅವನೂ ದಿನಾ ಸಂಜೆ ಮನೆಗೆ ಬರೋನೇ ತಾನೆ? ಎಲ್ಲಾನೂ ಅವನ ಕೆಳಗೆ ಹಾಕಿ.”

ಅದು ಒಳ್ಳೆಯ ಯೋಚನೆ ಅಂತ ನನಗೂ ಅನ್ನಿಸಿತು. ಇಷ್ಟು ದಿನ ಅವರ ಹೆಸರಿನ ಸಾಲು ಯಾಕಿಲ್ಲ ಅಂತ ಹುಡುಕಿದರೆ, ಮಗಳು ಹೋದಂದಿನಿಂದ ಆ ಮನುಷ್ಯ ಹೊರಡುವಾಗ ‘ಬರ್ತೀನಿ’ ಅಂದೇ ಇರಲಿಲ್ಲ. ಸುಮ್ಮನೆ ಚಪ್ಪಲಿ ಮೆಟ್ಟಿ ಹೊರಟುಬಿಡುತ್ತಿದ್ದರು.

ಮರುದಿನ ಹೋಗಿ ವಿಷಯ ಹೇಳಿದಾಗ ಮಹದೇವಸ್ವಾಮಿಯ ಮುಖ ಅರಳಿದ್ದನ್ನು ನಾನು ಮರೆಯುವ ಹಾಗಿಲ್ಲ. ಒಳಗೆ ಹೋಗಿ ಮುಖ ತೊಳೆದು, ವಿಭೂತಿ ಇಟ್ಟುಕೊಂಡು, ಇಸ್ತ್ರಿಯ ಅಂಗಿ ಹಾಕಿಕೊಂಡು ಬಂದರು. ಹೆಣ್ಣು ನೋಡಲು ಬಂದ ವರನ ಹಾಗೆ ಕುರ್ಚಿಯ ತುದಿಯಲ್ಲಿ ಕೂತರು. ನಾನು ದಾಕ್ಷಾಯಣಿಯ ಸಾಲನ್ನು ಪಕ್ಕಕ್ಕಿಟ್ಟು ‘ಮಹದೇವಸ್ವಾಮಿ ಬರ್ತಾರೆ’ ಅಂತ ಬರೆದು, ದಿನದ ಕೆಲಸಗಳನ್ನೆಲ್ಲ ಅದರ ಕೆಳಗೆ ಜೋಡಿಸಿ ಒತ್ತಿದೆ.

ಸರ್ವಮಂಗಳಾ ಓದಿದರು. ಏಳಲಿಲ್ಲ.

“ಹೆಸರಿಂದ ಮೇಡಂ, ಹೆಸರಿಂದ!” ಅಂದರು ಮಹದೇವಸ್ವಾಮಿ, ಅವಸರದಿಂದ. “ನಮ್ಮನೇಲಿ ಹೆಸರಿಡಿದು ಕರೆಯಲ್ಲ. ಮದುವೆ ಆದಾಗ್ನಿಂದ ಒಂದು ಸಲ ಕೂಡ ನನ್ನ ಹೆಸರು ಹೇಳಿಲ್ಲ ಅವಳು. ಓದಿದ್ರೂ ಯಾರೋ ಅನ್ಸುತ್ತೆ. ಹೆಸರು ತೆಗ್ದಾಕಿ. ‘ಬರ್ತಾರೆ’ ಅಂದ್ರೆ ಸಾಕು, ನಾನೇ ಅಂತ ಗೊತ್ತಾಗುತ್ತೆ.”

ಮೂಲ ಸಾಫ್ಟ್‌ವೇರ್ ಒಪ್ಪುತ್ತದೋ ಇಲ್ಲವೋ ಅಂತ ಅನುಮಾನವಿತ್ತು. ಅದನ್ನು ಬರೆದವರ ಭಾಷೆಯಲ್ಲಿ ಯಾರು ಅಂತ ಹೇಳದೆ ಯಾರೂ ಬರುವಂತಿಲ್ಲ. ನಮ್ಮಲ್ಲಿ ಕ್ರಿಯಾಪದವೇ ಯಾರು ಅಂತ ಹೇಳಿಬಿಡುತ್ತದೆ. ಹೆಸರನ್ನು ಅಳಿಸಿ ಬರೀ ‘ಬರ್ತಾರೆ, ಬಾಗಿಲು ತೆಗೆ’ ಅಂತ ಬಿಟ್ಟೆ. ಯಂತ್ರ ತಕರಾರಿಲ್ಲದೆ ತೆಗೆದುಕೊಂಡಿತು.

ಸರ್ವಮಂಗಳಾ ಆ ಸಾಲಿನ ಮೇಲೆ ಕಣ್ಣಿಟ್ಟರು. ಆಮೇಲೆ ಎದುರಿಗೆ ಕೂತಿದ್ದ ಗಂಡನನ್ನು ನೋಡಿದರು. ಆ ನೋಟದಲ್ಲಿ ಅಸಡ್ಡೆ ಇರಲಿಲ್ಲ, ಮರುಕವೇ ಇತ್ತು. ಏಳಬೇಕು ಅಂತ ಅವರು ಪ್ರಯತ್ನಪಟ್ಟರು, ನಾನು ಕಣ್ಣಾರೆ ಕಂಡೆ. ಮಂಡಿಯ ಮೇಲಿದ್ದ ಕೈ ಒಮ್ಮೆ ಬಿಗಿಯಾಯಿತು. ಆದರೆ ಏಳಲಾಗಲಿಲ್ಲ. ಇಪ್ಪತ್ತು ವರ್ಷಕ್ಕೂ ಮೇಲೆ ಜೊತೆಗೆ ಬಾಳಿದ ಗಂಡ ಬರುತ್ತಾನೆ ಎಂಬುದು ಆ ಹೆಂಗಸನ್ನು ಚಾಪೆಯಿಂದ ಎಬ್ಬಿಸುವಷ್ಟು ಇರಲಿಲ್ಲ. ಯಾವ ಗಂಡನೂ ಹೆಂಡತಿಯ ಬಗ್ಗೆ ಹೀಗೆ ಅಳತೆ ಮಾಡಿ ತಿಳಿಯಬಾರದು.

“ಇನ್ನೊಂಚೂರು ಹೊತ್ತು ನೋಡಣ” ಅಂದರು ಮಹದೇವಸ್ವಾಮಿ. ನೋಡಿದೆವು. ಬೀದಿಯಲ್ಲಿ ಸೊಪ್ಪಿನವಳು ಕೂಗಿಕೊಂಡು ಹೋದಳು. ಅವರು ಅಂಗಿಯ ಮೇಲಿನ ಗುಂಡಿಯನ್ನು ಬಿಚ್ಚಿದರು, ಮತ್ತೆ ಹಾಕಿಕೊಂಡರು. “ಆಯ್ತು ಬಿಡಿ” ಅಂದರು.

ಆಗ ನನಗೆ ಹೊಳೆಯಿತು. ಹೊಳೆಯದೇ ಇದ್ದಿದ್ದರೆ ಒಳ್ಳೆಯದಿತ್ತೇನೋ ಅಂತ ಈಗಲೂ ಒಮ್ಮೊಮ್ಮೆ ಅನ್ನಿಸುತ್ತದೆ. ಸೋಮವಾರದ ಜರಡಿ ಹುಡುಕುವುದು ಹೆಸರನ್ನು. ಹೆಸರೇ ಇಲ್ಲದ ಸಾಲನ್ನು ಅದು ಮರಣ ನೋಂದಣಿಯಲ್ಲಿ ಹೇಗೆ ಹುಡುಕೀತು? ಗಂಡ ತನಗಾಗಿ ತೆಗೆಸಿದ ಹೆಸರಿನ ಜಾಗ ಹಾಗೇ ಖಾಲಿ ಇತ್ತು. ನಾನು ‘ಬರ್ತಾರೆ’ಯ ಕೊನೆಯ ಅಕ್ಷರ ಅಳಿಸಿದೆ. ‘ರೆ’ ಹೋಯಿತು, ‘ಳೆ’ ಬಂತು.

ಬರ್ತಾಳೆ, ಬಾಗಿಲು ತೆಗೆ.

ಸರ್ವಮಂಗಳಾ ಎದ್ದರು. ಸೆರಗನ್ನು ಸರಿಮಾಡಿಕೊಂಡರು, ಅಡುಗೆಮನೆಗೆ ಹೋಗಿ ಲೋಟದಲ್ಲಿ ನೀರು ಬಗ್ಗಿಸಿಕೊಂಡು ಕುಡಿದರು, ಸ್ಟವ್ ಹಚ್ಚಿದರು. ಪಾತ್ರೆಯ ಸದ್ದು ಕೇಳಿಸಿತು. ಮಹದೇವಸ್ವಾಮಿ ನನ್ನ ಟ್ಯಾಬ್ಲೆಟ್ಟನ್ನೇ ನೋಡುತ್ತಿದ್ದರು.

“ಏನ್ ಮಾಡಿದ್ರಿ?”

“ಒಂದಕ್ಷರ ಬದಲಾಯಿಸ್ದೆ ಸಾರ್.”

ಅವರು ಬಗ್ಗಿ ಆ ಸಾಲನ್ನು ಓದಿದರು. ತುಟಿ ಅಲುಗಿತು. “ಸೋಮವಾರ ಇದೂ ಹೋಗುತ್ತಾ?”

“ಇಲ್ಲ ಸಾರ್. ಹೆಸರಿಲ್ಲದೋರು ಇದಾರೋ ಸತ್ತಿದಾರೋ ಅಂತ ಅದಕ್ಕೆ ಗೊತ್ತಾಗಲ್ಲ. ಆದ್ರೆ ನೀವು ಒಪ್ಪಬೇಕು. ದಿನಾ ಸಾಯಂಕಾಲ ಮತ್ತೆ ಅದೇ ನಡೆಯುತ್ತೆ. ಕೊನೇವರೆಗೂ.”

ಇದೇ ಮನುಷ್ಯ ಹಿಂದಿನ ದಿನ ಆ ಸಾಲನ್ನು ತೆಗೆಸಲು ಹೊರಟವರು. ಬೇಡ ಅಂದಿದ್ದರೆ ನಾನು ಏನೂ ಅನ್ನುವಂತಿರಲಿಲ್ಲ. ಅವರು ಅಡುಗೆಮನೆಯ ಕಡೆ ತಿರುಗಿ, ಒಗ್ಗರಣೆಗೆ ಸಾಸಿವೆ ಹಾಕುತ್ತಿದ್ದ ಹೆಂಡತಿಯ ಬೆನ್ನನ್ನು ತುಂಬ ಹೊತ್ತು ನೋಡಿದರು.

“ಇರ್ಲಿ ಮೇಡಂ. ಉಣ್ಣಬೇಕಲ್ಲ ಅವಳು.”

ಸೋಮವಾರ ದೊಡ್ಡ ಜರಡಿ ಬಂತು. ಊರ ತುಂಬ ಎಷ್ಟೋ ಪಟ್ಟಿಗಳಿಂದ ಎಷ್ಟೋ ಹೆಸರುಗಳನ್ನು ತೆಗೆದುಕೊಂಡು ಹೋಯಿತು. ವಿದ್ಯಾರಣ್ಯಪುರದ ಆ ಸಾಲಿನ ಮೇಲೆ ಹಾದುಹೋಯಿತು, ಮುಟ್ಟಲಿಲ್ಲ. ಕಂಟ್ರೋಲ್ ರೂಮಿನಲ್ಲಿ ಗುರುಪ್ರಸಾದ್ ನನ್ನ ಬೆನ್ನು ತಟ್ಟಿದರು. ನನಗೆ ಖುಷಿಯಾಗಲಿಲ್ಲ.

ಸ್ವಲ್ಪ ದಿನದ ಮೇಲೆ ಅದೇ ಬೀದಿಯ ಇನ್ನೊಂದು ಮನೆಗೆ ಕನ್ನಡಕ ಸರಿಮಾಡಲು ಹೋಗಿದ್ದೆ. ಸಂಜೆ ವಾಪಸ್ಸು ಬರುವಾಗ ಬೀದಿಯ ತಿರುವಿನಲ್ಲಿ, ಹಾಲಿನ ಬೂತಿನ ಪಕ್ಕ, ಮಹದೇವಸ್ವಾಮಿ ಸ್ಕೂಟರ್ ನಿಲ್ಲಿಸಿಕೊಂಡು ಅದರ ಮೇಲೆ ಕೂತಿದ್ದರು. ಗಂಧದ ವಾಸನೆಯಿಂದಲೇ ಗುರುತು ಸಿಕ್ಕಿತು. ಅಲ್ಲಿಂದ ಅವರ ಮನೆಯ ಬಾಗಿಲು ಕಾಣುತ್ತಿತ್ತು. ಸರ್ವಮಂಗಳಾ ತಲೆ ಬಾಚಿ ಹೂ ಮುಡಿದುಕೊಂಡು, ತೆರೆದ ಬಾಗಿಲಲ್ಲಿ ನಿಂತು ರಸ್ತೆಯ ಆ ತುದಿಯನ್ನು ನೋಡುತ್ತಿದ್ದರು. ಕಾಯಿಲೆಯವರ ಮುಖವಾಗಿರಲಿಲ್ಲ ಅದು. ಯಾವ ಮನೆಯ ಯಾವ ತಾಯಿಯೂ ಆಗಿರಬಹುದಿತ್ತು.

“ಯಾಕ್ ಸಾರ್, ಇಲ್ಲೇ ನಿಂತಿದೀರಾ? ಮನೆಗೆ ಹೋಗಲ್ವಾ?”

“ಹೋಗಬೇಕು ಮೇಡಂ” ಅಂದರು. ಕಣ್ಣು ಬಾಗಿಲಿನಿಂದ ಕದಲಲಿಲ್ಲ. “ನಾನು ಕಂಡ ತಕ್ಷಣ ಆ ಮುಖ ಇಳಿದೋಗುತ್ತೆ. ಇನ್ನೊಂಚೂರು ಹೊತ್ತು ಇರ್ಲಿ ಅಂತ.”